ಮನಸ್ಸೆಂಬ ಬಾಗಿಲು: ‘ಘಟಶ್ರಾದ್ಧ’, ‘ಶರಪಂಜರ’ ಮತ್ತು 1971ರ ಕಾನೂನು

1

ಬೆಂಗಳೂರಿನ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರುಗಳ ಕನ್ನಡ ಮನೆಗಳಿಗೆ ಈ ರಸ್ತೆ ಕೇವಲ ವ್ಯಾಪಾರದ ದಾರಿಯಲ್ಲ, ಮನೋರೋಗ ಚಿಕಿತ್ಸೆಯ ದಾರಿಯೂ ಹೌದು. ಇತ್ತ ಹೆರಿಗೆ, ಬಸಿರು, ಬಾಣಂತನಗಳ ವ್ಯವಹಾರವೆಲ್ಲ ಸಾಮಾನ್ಯವಾಗಿ ನಡೆಯುವುದು ಗಡಿಯ ಈಚೆ, ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ. ಹೀಗೆ ಒಂದೇ ಹೆಣ್ಣಿನ ಗರ್ಭದ ಕಡತ ಒಂದು ಭಾಷೆಯಲ್ಲಿ, ಮನಸ್ಸಿನ ಕಡತ ಇನ್ನೊಂದು ಭಾಷೆಯಲ್ಲಿ ಉಳಿಯುವ ಪರಿಸ್ಥಿತಿ ಈ ಸೀಮೆಯದು. ಆದರೆ ಭಾರತದ ಗರ್ಭಸಮಾಪನ ಕಾನೂನು ಈ ಎರಡು ಕಡತಗಳನ್ನು ಬಿಡಿಸಲಾಗದಂತೆ ಹೆಣೆದಿದೆ. ಗರ್ಭವನ್ನು ಕೊನೆಗೊಳಿಸಿಕೊಳ್ಳಬಯಸುವ ಹೆಣ್ಣು ಬಹುಪಾಲು ಸಂದರ್ಭಗಳಲ್ಲಿ ಹಾದುಹೋಗಬೇಕಾದ ಬಾಗಿಲು ‘ಮಾನಸಿಕ ಆರೋಗ್ಯ’ ಎಂಬ ಪದವೇ.

ಈ ಬಾಗಿಲಿನ ಸ್ವರೂಪವನ್ನು ಅರಿಯಲು ಕಾನೂನು ಗ್ರಂಥಗಳಷ್ಟೇ ಸಾಲವು. ಕನ್ನಡ ಸಾಹಿತ್ಯ ಮತ್ತು ಸಿನಿಮಾ ಎರಡು ಪ್ರಬಲ ಸಾಕ್ಷ್ಯಗಳನ್ನು ಕೊಟ್ಟಿವೆ. ಮೊದಲನೆಯದು ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಮತ್ತು ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಚಿತ್ರ. ಎರಡನೆಯದು ತ್ರಿವೇಣಿಯವರ ‘ಶರಪಂಜರ’ ಮತ್ತು ಪುಟ್ಟಣ್ಣ ಕಣಗಾಲರು ಅದಕ್ಕೆ ಕೊಟ್ಟ ಚಿತ್ರರೂಪ. ಮೊದಲನೆಯದರಲ್ಲಿ ಗರ್ಭಪಾತವಿದೆ, ಮನೋರೋಗದ ಹೆಸರಿಲ್ಲ. ಎರಡನೆಯದರಲ್ಲಿ ಮನೋರೋಗವಿದೆ, ಗರ್ಭಪಾತವಿಲ್ಲ. ಪ್ರತ್ಯೇಕವಾಗಿ ಓದಿದಾಗ ಒಂದು ಸಂಪ್ರದಾಯಸ್ಥ ಸಮಾಜದ ಕ್ರೌರ್ಯದ ಕಥೆ, ಇನ್ನೊಂದು ಗುಣಮುಖಳಾದ ರೋಗಿಯನ್ನು ಒಳಗೆ ಕರೆದುಕೊಳ್ಳಲಾರದ ಕುಟುಂಬದ ಕಥೆ. ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಅವು 1971ರ ಕಾನೂನಿನ ಒಳಗಿರುವ ಒಂದು ಬಿಕ್ಕಟ್ಟನ್ನು ಬಯಲು ಮಾಡುತ್ತವೆ: ಮನಸ್ಸು ಕೆಟ್ಟವಳೆಂದು ಹೆಸರು ಬಂದವಳನ್ನು ಹೊರಗಟ್ಟುವ ಸಮಾಜದಲ್ಲಿ, ತನ್ನ ಮನಸ್ಸಿಗೆ ಹಾನಿಯಾಗುತ್ತದೆಂದು ಒಪ್ಪಿಸಿಯೇ ಹೆಣ್ಣು ತನ್ನ ಹಕ್ಕನ್ನು ಪಡೆಯಬೇಕಾಗಿದೆ.

2

1971ಕ್ಕೆ ಮೊದಲು ಗರ್ಭಪಾತ ಭಾರತೀಯ ದಂಡ ಸಂಹಿತೆಯ 312ನೆಯ ಕಲಮಿನ ಪ್ರಕಾರ ಅಪರಾಧ. ಮಾಡಿಸಿಕೊಂಡ ಹೆಣ್ಣೂ ಅಪರಾಧಿಯೇ. ಆಕೆಯ ಜೀವ ಉಳಿಸುವುದಕ್ಕಾಗಿ ಸದ್ಭಾವದಿಂದ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. 1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಷಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1971ರ ಆಗಸ್ಟ್‌ನಲ್ಲಿ ವೈದ್ಯಕೀಯ ಗರ್ಭಸಮಾಪನ ಕಾಯಿದೆ ಬಂತು. 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಕಾಯಿದೆ ಹಳೆಯ ಅಪರಾಧವನ್ನು ತೆಗೆದುಹಾಕಲಿಲ್ಲ, ಅದಕ್ಕೆ ಅಪವಾದಗಳನ್ನು ಬರೆಯಿತು. ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿ ಆ ಅಪರಾಧ ಹಾಗೆಯೇ ಇದೆ.

ಅಪವಾದಗಳಲ್ಲಿ ಮುಖ್ಯವಾದುದು ಹೆಣ್ಣಿನ ಜೀವಕ್ಕೆ ಅಪಾಯ, ಅಥವಾ ಆಕೆಯ ದೈಹಿಕ ಇಲ್ಲವೇ ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿ. ಅತ್ಯಾಚಾರದಿಂದಾದ ಬಸಿರಿನ ಸಂಕಟವನ್ನು ಮಾನಸಿಕ ಆರೋಗ್ಯಕ್ಕಾದ ಗಂಭೀರ ಹಾನಿಯೆಂದೇ ಭಾವಿಸಬೇಕೆಂದು ಕಾಯಿದೆ ಹೇಳಿತು. ಗರ್ಭನಿರೋಧಕ ಕ್ರಮ ವಿಫಲವಾಗಿ ಬಸಿರಾದರೆ ಅದರ ಸಂಕಟಕ್ಕೂ ಇದೇ ಊಹೆ. ಆದರೆ 2021ರ ತಿದ್ದುಪಡಿಯ ತನಕ ಅದು ವಿವಾಹಿತೆಗೆ ಮಾತ್ರ ಸಿಗುತ್ತಿತ್ತು. ಹಾನಿಯನ್ನು ಅಳೆಯುವಾಗ ಹೆಣ್ಣಿನ ಈಗಿನ ಹಾಗೂ ಮುಂದೆ ಒದಗಬಹುದಾದ ಪರಿಸರವನ್ನು ವೈದ್ಯರು ಗಮನಿಸಬಹುದು ಎಂಬ ಮಾತೂ ಉಂಟು. ಉದಾರವಾಗಿ ಓದಿದರೆ ಈ ‘ಪರಿಸರ’ದೊಳಗೆ ಬಡತನ, ಬಿಟ್ಟುಹೋದ ಗಂಡು, ಊರಿನ ಬಾಯಿ ಎಲ್ಲವೂ ಅಡಕವಾಗುತ್ತವೆ. ಆದರೆ ಓದುವವರು ವೈದ್ಯರು. ಬೇಡವೆನ್ನುವ ಹೆಣ್ಣಿನ ಮಾತಿಗೆ ತನ್ನಷ್ಟಕ್ಕೇ ಬೆಲೆಯಿಲ್ಲ; ಆ ಮಾತು ಹಾನಿಯ ಭಾಷೆಗೆ ಅನುವಾದಗೊಂಡ ಮೇಲಷ್ಟೇ ಬೆಲೆ.

ಇದೇ ಕಾಯಿದೆಯ ಇನ್ನೊಂದು ಉಪಕಲಮು ಒಪ್ಪಿಗೆಯನ್ನು ಕುರಿತದ್ದು. ಹದಿನೆಂಟು ತುಂಬದವಳ ಮತ್ತು ಮನೋರೋಗಿಯ ಪರವಾಗಿ ಪೋಷಕರು ಲಿಖಿತ ಒಪ್ಪಿಗೆ ಕೊಡಬೇಕು. 1971ರ ಮೂಲ ಪಾಠದಲ್ಲಿ ಮನೋರೋಗಿಯ ಜಾಗದಲ್ಲಿದ್ದುದು ಹುಚ್ಚಿ ಎಂಬರ್ಥದ ಹಳೆಯ ಕಾನೂನಿನ ಪದ; 2002ರ ತಿದ್ದುಪಡಿಯಲ್ಲಿ ಅದು ಬದಲಾಯಿತು. ಮನಸ್ಸಿಗೆ ಹಾನಿ ಆಗಬಹುದಾದವಳಿಗೆ ಬಾಗಿಲು ತೆರೆಯುವ ಕಾನೂನು, ಮನಸ್ಸಿಗೆ ಹಾನಿ ಆಗಿಯೇ ಬಿಟ್ಟಿದೆಯೆಂದು ನಿರ್ಧಾರವಾದವಳ ಕೈಯಿಂದ ಲೇಖನಿಯನ್ನು ಕಿತ್ತುಕೊಳ್ಳುತ್ತದೆ. ಈ ಎರಡರ ನಡುವಿನ ಅಂತರ ಕಾಗದದ ಮೇಲೆ ಸ್ಪಷ್ಟ, ಬದುಕಿನಲ್ಲಿ ಕೂದಲೆಳೆಯಷ್ಟು.

3

‘ಘಟಶ್ರಾದ್ಧ’ದ ಯಮುನೆ ವೇದ ಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು. ಶಾಲೆಯ ಮೇಷ್ಟ್ರ ಸಂಬಂಧದಿಂದ ಬಸಿರಾಗುತ್ತಾಳೆ. ಆತ ಜಾರಿಕೊಳ್ಳುತ್ತಾನೆ. ಊರ ಕಣ್ಣು ತಪ್ಪಿಸಿ ರಾತ್ರಿಯಲ್ಲಿ ಗರ್ಭ ತೆಗೆಸುವುದು ನಡೆಯುತ್ತದೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡಿ, ಮಡಕೆ ಒಡೆದು ಆಕೆಯನ್ನು ಸತ್ತವರ ಲೆಕ್ಕಕ್ಕೆ ಸೇರಿಸುತ್ತಾನೆ. ತಲೆ ಬೋಳಿಸಿದ ಯಮುನೆ ಒಂಟಿಯಾಗಿ ಉಳಿಯುತ್ತಾಳೆ. ಮುದಿ ತಂದೆಗೆ ಎಳೆಯ ಹುಡುಗಿಯೊಡನೆ ಮದುವೆಯ ಮಾತು ನಡೆಯುತ್ತದೆ.

ಕನ್ನಡ ವಿಮರ್ಶೆ ಈ ಕೃತಿಯನ್ನು ಸಾಮಾನ್ಯವಾಗಿ ಅಗ್ರಹಾರದ ಕೊಳೆತದ ಚಿತ್ರವಾಗಿ, ಬಾಲಕ ನಾಣಿ ಲೋಕವನ್ನು ಅರಿಯುವ ಕಥೆಯಾಗಿ ಓದಿದೆ. ಆ ಓದು ತಪ್ಪಲ್ಲ. ಆದರೆ ಅದರಲ್ಲಿ ಯಮುನೆಯ ಮನಸ್ಸು ಬೇರೊಬ್ಬರ ಜ್ಞಾನೋದಯಕ್ಕೆ ಸಾಮಗ್ರಿಯಾಗಿ ಬಿಡುತ್ತದೆ. ಘಟನೆಗಳ ಅನುಕ್ರಮವನ್ನು ಗಮನಿಸಿದರೆ ಬೇರೊಂದು ವಿನ್ಯಾಸ ಕಾಣುತ್ತದೆ. ಚಿತ್ರದಲ್ಲಿ ಯಮುನೆ ಸಾಯಲೆಂದು ಹಾವಿನ ಹುತ್ತಕ್ಕೆ ಕೈಯಿಡುವುದು ಗರ್ಭಪಾತದ ನಂತರವಲ್ಲ, ಮೊದಲು. ಆಕೆಯ ಹತಾಶೆಯ ತುದಿ ಇರುವುದು ದಾರಿಗಳೆಲ್ಲ ಮುಚ್ಚಿಹೋದ ಆ ಗಳಿಗೆಯಲ್ಲಿ. ಎರಡನೆಯ ಪೆಟ್ಟು ಬೀಳುವುದು ಗುಟ್ಟು ಬಯಲಾದ ಮೇಲೆ, ಸಮುದಾಯದ ಕೈಯಿಂದ. ನಡುವಿನ ರಾತ್ರಿ ಭೀಕರವಾಗಿದ್ದರೆ ಅದಕ್ಕೆ ಕಾರಣ ಗರ್ಭ ತೆಗೆಸಿದ್ದಲ್ಲ, ಅದನ್ನು ಕತ್ತಲಲ್ಲಿ, ಕಳ್ಳತನದಲ್ಲಿ, ನಂಬಿಕೆಗೆ ಅರ್ಹರಲ್ಲದವರ ಕೈಯಲ್ಲಿ ತೆಗೆಸಬೇಕಾದ ಸ್ಥಿತಿ. ಗರ್ಭಪಾತವೇ ಹೆಣ್ಣಿನ ಮನಸ್ಸನ್ನು ಮುರಿಯುತ್ತದೆಂಬ ವಾದಕ್ಕೆ ಈ ಕೃತಿಯನ್ನು ಸಾಕ್ಷಿಗೆ ಕರೆದರೆ, ಅದು ಪ್ರತಿವಾದಿಯ ಪರವಾಗಿ ನುಡಿಯುತ್ತದೆ.

ಕೃತಿಗೂ ಒಂದು ಮಿತಿಯಿದೆ. ಎಲ್ಲವೂ ನಾಣಿಯ ಕಣ್ಣಿನಿಂದ ಸೋಸಿ ಬರುವುದರಿಂದ ಯಮುನೆಗೆ ನಿಜಕ್ಕೂ ಏನು ಬೇಕಿತ್ತು ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ಆಕೆಗೆ ಮಗು ಬೇಕಿತ್ತೇ, ಬೇಡವಿತ್ತೇ? ಮೇಷ್ಟ್ರು ತೀರ್ಮಾನಿಸುತ್ತಾನೆ, ಊರು ತೀರ್ಮಾನಿಸುತ್ತದೆ, ತಂದೆ ತೀರ್ಮಾನಿಸುತ್ತಾನೆ. ಆಕೆಯ ಮನಸ್ಸು ಓದುಗರಿಗೂ ಮುಚ್ಚಿದ ಬಾಗಿಲೇ. 2024ರಲ್ಲಿ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಚಿತ್ರ ಹೊಸ ಪ್ರೇಕ್ಷಕರನ್ನು ಮುಟ್ಟಿರುವ ಈ ಕಾಲದಲ್ಲಿ ಆ ಮೌನವನ್ನು ಸಹಾನುಭೂತಿಯಿಂದಲೇ ಪ್ರಶ್ನಿಸಬೇಕಾಗಿದೆ.

4

ತ್ರಿವೇಣಿ ಮುಚ್ಚಿದ ಆ ಬಾಗಿಲಿನ ಒಳಗಿನಿಂದ ಬರೆದವರು. ಮನಶ್ಶಾಸ್ತ್ರ ಓದಿದ್ದ ಅವರು ಕನ್ನಡ ಕಾದಂಬರಿಗೆ ಹೆಣ್ಣಿನ ಮನೋರೋಗವನ್ನು ನಾಚಿಕೆಯಿಲ್ಲದೆ ತಂದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ಬಳಿಕ ಮನಸ್ಸು ಕದಡುತ್ತದೆ. ಆ ಹೊತ್ತಿನಲ್ಲಿ ಮದುವೆಗೆ ಮುಂಚಿನ ಒಂದು ಕಹಿ ಅನುಭವ ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಆಕೆ ಗುಣವಾಗುತ್ತಾಳೆ, ಆದರೆ ಮನೆ ಗುಣವಾಗುವುದಿಲ್ಲ. ಗಂಡನಿಗೆ ಶಂಕೆ, ನೆಂಟರಿಗೆ ಅಂಜಿಕೆ, ಎಲ್ಲರ ನೋಟದಲ್ಲಿ ಹುಚ್ಚಾಸ್ಪತ್ರೆಯಿಂದ ಬಂದವಳೆಂಬ ಹಣೆಪಟ್ಟಿ. ಆಕೆ ಮತ್ತೆ ಕುಸಿಯುತ್ತಾಳೆ. ಪುಟ್ಟಣ್ಣನವರ ಚಿತ್ರ ಗರ್ಭಸಮಾಪನ ಕಾಯಿದೆಯ ಸಮಕಾಲೀನವಾಗಿ, 1970ರ ದಶಕದ ಆರಂಭದಲ್ಲಿ ತೆರೆಗೆ ಬಂತು. ಕಲ್ಪನಾ ಅವರ ಅಭಿನಯ ಜನಮನದಲ್ಲಿ ಉಳಿಯಿತು. ಕಾವೇರಿಯ ರೋಗದ ಹೆಸರು ಅಷ್ಟಾಗಿ ಉಳಿಯಲಿಲ್ಲ.

ಕನ್ನಡದ ಮನೆಮಾತಿನಲ್ಲಿ ಆ ರೋಗಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರುಂಟು. ಅದು ಒಳ್ಳೆಯ ಪದ. ರೋಗವನ್ನು ಹೆಣ್ಣಿನ ನಡತೆಗೆ ಅಂಟಿಸದೆ ಬಾಣಂತನದ ಅವಸ್ಥೆಗೆ ಕಟ್ಟುತ್ತದೆ. ಬಂದದ್ದು ಹೋಗುತ್ತದೆಂಬ ಭರವಸೆಯೂ ಅದರಲ್ಲಿದೆ. ‘ಹುಚ್ಚು’ ಎಂಬ ಪದಕ್ಕೆ ಆ ಕರುಣೆಯಿಲ್ಲ. ಕಾವೇರಿಯ ದುರಂತವನ್ನು ಒಂದು ಪದದಿಂದ ಇನ್ನೊಂದು ಪದಕ್ಕೆ ಆದ ಜಾರುವಿಕೆ ಎನ್ನಬಹುದು. ಸನ್ನಿಯಾದವಳನ್ನು ಮನೆ ಹುಚ್ಚಿಯೆಂದು ಓದಿತು.

ಕಾನೂನಿನ ಬಿಕ್ಕಟ್ಟು ತಿಳಿಯಾಗುವುದು ಇಲ್ಲಿಯೇ. ಯಮುನೆಯ ಸ್ಥಿತಿಯಲ್ಲಿರುವ ಹೆಣ್ಣಿಗೆ 1971ರ ಕಾಯಿದೆ ಒಂದು ದಾರಿ ತೋರಿಸಿತು: ಮನಸ್ಸಿಗೆ ಗಂಭೀರ ಹಾನಿಯಾಗುತ್ತದೆಂದು ವೈದ್ಯರ ಅಭಿಪ್ರಾಯ ಬರೆಸಿಕೊಂಡರೆ ಕತ್ತಲಲ್ಲಿ ಹೋಗಬೇಕಿಲ್ಲ. ಆದರೆ ಅಂಥ ಮಾತು ಕಾಗದಕ್ಕೇರಿದ ಹೆಣ್ಣನ್ನು ಮನೆ ಹೇಗೆ ನೋಡುತ್ತದೆಂದು ಕಾವೇರಿಯ ಕಥೆ ಹೇಳುತ್ತದೆ. ಒಂದು ಬಹಿಷ್ಕಾರದಿಂದ ಪಾರಾಗಲು ಇನ್ನೊಂದು ಬಹಿಷ್ಕಾರದ ಭಯವನ್ನು ಮೈಮೇಲೆ ಎಳೆದುಕೊಳ್ಳಬೇಕು. ಗೋಪ್ಯತೆಯನ್ನು ಕಾನೂನು ಕಾಯುತ್ತದೆ, ನಿಜ. 2021ರ ತಿದ್ದುಪಡಿ ಹೆಣ್ಣಿನ ಹೆಸರು ಹೊರಗೆಡಹುವುದನ್ನು ಒಂದು ವರ್ಷದ ತನಕ ಶಿಕ್ಷೆಯಾಗಬಹುದಾದ ಅಪರಾಧವಾಗಿಸಿದೆ. ಆದರೂ ಭಯ ಹುಟ್ಟುವುದು ಕಲಮುಗಳಿಂದಲ್ಲ, ಕಂಡ ಬದುಕುಗಳಿಂದ.

5

ಈ ಎರಡು ಕಥೆಗಳು ಇತ್ತೀಚೆಗೆ ಬೇರೆ ರೂಪದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದವು. 2022ರ ಪ್ರಕರಣದ ಅರ್ಜಿದಾರಳು ಇಪ್ಪತ್ತೈದರ ಅವಿವಾಹಿತೆ. ಬಸಿರಾದ ಮೇಲೆ ಸಂಗಾತಿ ಮದುವೆಗೆ ಒಪ್ಪದೆ ಹಿಂದೆ ಸರಿದಿದ್ದ. ರೂಪರೇಖೆ ಯಮುನೆಯದೇ. ದೆಹಲಿ ಹೈಕೋರ್ಟ್ ಅನುಮತಿ ನಿರಾಕರಿಸಿತ್ತು. ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದಲ್ಲಿ ಅನುಮತಿ ಕೊಟ್ಟು, ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಎರಡು ಮುಖ್ಯ ಮಾತುಗಳನ್ನು ಹೇಳಿತು. 20ರಿಂದ 24 ವಾರಗಳ ಅವಧಿಯ ಸೌಲಭ್ಯದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದು. ‘ಮಾನಸಿಕ ಆರೋಗ್ಯ’ ಎಂದರೆ ಮನೋರೋಗ ಇಲ್ಲದಿರುವುದಷ್ಟೇ ಅಲ್ಲ. ಅದರ ಅರ್ಥ ವಿಶಾಲವಾದುದು, ಹೆಣ್ಣಿನ ಪರಿಸರವನ್ನೂ ಒಳಗೊಳ್ಳುವಂಥದು. ಪದದ ಅರ್ಥವನ್ನು ರೋಗದಿಂದ ಬಿಡಿಸಿ ಬದುಕಿಗೆ ಕಟ್ಟಿದ್ದು ಈ ತೀರ್ಪಿನ ದೊಡ್ಡತನ.

ಒಂದು ವರ್ಷ ಕಳೆಯುವಷ್ಟರಲ್ಲಿ ಕಾವೇರಿಯ ಸರದಿ ಬಂತು. 2023ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮುಂದಿದ್ದವಳು ಎರಡು ಮಕ್ಕಳ ತಾಯಿ, ವಿವಾಹಿತೆ, ಹೆರಿಗೆಯ ನಂತರದ ಮನೋವಿಕಾರಕ್ಕೆ ಚಿಕಿತ್ಸೆ ಪಡೆಯುತ್ತಿದ್ದವಳು. ಮೊಲೆಯೂಡಿಸುವ ಕಾಲದಲ್ಲಿ ಮುಟ್ಟು ನಿಂತಿದ್ದುದರಿಂದ ಬಸಿರು ತಿಳಿಯುವುದೇ ತಡವಾಗಿತ್ತು. ಅಕ್ಟೋಬರ್ 9ರಂದು ಅನುಮತಿ ಸಿಕ್ಕಿತು. ಅದನ್ನು ಹಿಂತೆಗೆಯಬೇಕೆಂಬ ಅರ್ಜಿ ಬಂದಾಗ ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಒಮ್ಮತ ಮುರಿಯಿತು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹೆಣ್ಣಿನ ಇಚ್ಛೆಯನ್ನು ಗೌರವಿಸಬೇಕೆಂದರು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಒಪ್ಪಲಿಲ್ಲ. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಗರ್ಭಕ್ಕೆ 26 ವಾರ 5 ದಿನ ತುಂಬಿದ್ದವು. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ ಎಂಬುದು ಆಧಾರ.

ತೀರ್ಪಿನ ಹಿಂದಿನ ನೈತಿಕ ಸಂಕಟವನ್ನು ಹಗುರಾಗಿ ಕಾಣಲಾಗದು. ಆ ಹಂತದ ಭ್ರೂಣ ಹೊರಗೆ ಬದುಕಬಲ್ಲದೆಂಬ ಪ್ರಶ್ನೆ ನಿಜವಾದ ಪ್ರಶ್ನೆ. ಆದರೂ ಒಂದು ವ್ಯಂಗ್ಯ ಉಳಿಯುತ್ತದೆ. ಐವತ್ತು ವರ್ಷಗಳ ಕಾಲ ‘ಮಾನಸಿಕ ಹಾನಿ’ಯ ಊಹೆಯ ಮೇಲೆ ಬಾಗಿಲು ತೆರೆದ ಕಾನೂನು, ರೋಗವೇ ಕಣ್ಣೆದುರು ನಿಂತಾಗ ಕ್ಯಾಲೆಂಡರ್ ನೋಡಿ ಬಾಗಿಲು ಮುಚ್ಚಿತು. ಬಸಿರು ತಡವಾಗಿ ತಿಳಿದವಳಿಗೆ, ತಡವಾಗಿ ಆಸ್ಪತ್ರೆ ಮುಟ್ಟಿದವಳಿಗೆ ಕಾಲವೇ ತೀರ್ಪುಗಾರ. ಹಾಗಾಗಿ ‘ಲಭ್ಯತೆ’ ಎಂಬ ಪದದ ನಿಜಾರ್ಥ ಅನುಮತಿಯಲ್ಲ, ಸಕಾಲ.

6

ಇಲ್ಲಿ ಒಂದು ಎಚ್ಚರ ಅಗತ್ಯ. ಗರ್ಭಪಾತ ನಿರಾಕರಿಸಿದರೆ ಹೆಣ್ಣಿಗೆ ಮನೋರೋಗ ಬರುತ್ತದೆ, ಆದ್ದರಿಂದ ಅವಕಾಶ ಕೊಡಬೇಕು ಎಂಬ ವಾದ ಮೇಲ್ನೋಟಕ್ಕೆ ಬಲವಾಗಿ ಕಂಡರೂ ಬುಡದಲ್ಲಿ ದುರ್ಬಲ. ಅಮೆರಿಕದಲ್ಲಿ ಡಯಾನಾ ಗ್ರೀನ್ ಫಾಸ್ಟರ್ ಅವರ ತಂಡ 30 ಕೇಂದ್ರಗಳಿಗೆ ಬಂದ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಅನುಸರಿಸಿ ನಡೆಸಿದ ಅಧ್ಯಯನ ಇದನ್ನು ನಿಚ್ಚಳವಾಗಿಸಿದೆ. ಗರ್ಭಪಾತ ಮಾಡಿಸಿಕೊಂಡವರಲ್ಲಿ ಅದರಿಂದಾಗಿ ಖಿನ್ನತೆ, ಆತಂಕ ಹೆಚ್ಚಿದ್ದು ಕಾಣಲಿಲ್ಲ. ನಿರಾಕರಣೆಗೆ ಒಳಗಾದವರಲ್ಲಿ ಮೊದಲ ದಿನಗಳಲ್ಲಿ ಆತಂಕ ಹೆಚ್ಚು, ಆತ್ಮಗೌರವ ಕಡಿಮೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಎರಡು ಗುಂಪುಗಳೂ ಒಂದೇ ಮಟ್ಟಕ್ಕೆ ಬಂದವು. ದೀರ್ಘಕಾಲ ಉಳಿದದ್ದು ನಿರಾಕರಣೆಗೆ ಒಳಗಾದವರ ಹಣದ ಮುಗ್ಗಟ್ಟು ಮತ್ತು ಹಿಂಸಿಸುವ ಸಂಗಾತಿಯಿಂದ ಬಿಡಿಸಿಕೊಳ್ಳಲಾಗದ ಸ್ಥಿತಿ.

ಅಮೆರಿಕದ ಫಲಿತಾಂಶವನ್ನು ಹಾಗೆಯೇ ಡೆಂಕಣಿಕೋಟೆಗೆ ತಂದು ಕೂರಿಸಲಾಗದು. ಆದರೆ ಅದರ ತಾತ್ಪರ್ಯ ಇಲ್ಲಿಗೂ ಸಲ್ಲುತ್ತದೆ. ಹೆಂಗಸರು ಬಹುಮಟ್ಟಿಗೆ ತಾಳಿಕೊಳ್ಳುತ್ತಾರೆ. ತಾಳಿಕೊಂಡರೆಂಬ ಕಾರಣಕ್ಕೆ ಅವರಿಗಾದ ಅನ್ಯಾಯ ನ್ಯಾಯವಾಗುವುದಿಲ್ಲ. ತಾಳಿಕೊಳ್ಳಲಾರೆನೆಂದು ತೋರಿಸಿದರೆ ಮಾತ್ರ ನ್ಯಾಯ ಎನ್ನುವುದು ಇನ್ನೊಂದು ಅನ್ಯಾಯ. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ವಿಕಲತೆಯ ಯುವತಿಯೊಬ್ಬಳ ಗರ್ಭವನ್ನು ತೆಗೆಸಲು ಆಡಳಿತ ಮುಂದಾದಾಗ ಸುಪ್ರೀಂ ಕೋರ್ಟ್ ತಡೆಯಿತು. ಆಕೆಗೆ ಮಗು ಬೇಕಿತ್ತು. ಸಂತಾನದ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ಅಂದಿನ ತೀರ್ಪು ಸಾರಿತು. ಬೇಕೆನ್ನುವ ಮಾತಿಗೂ ಬೇಡವೆನ್ನುವ ಮಾತಿಗೂ ಒಂದೇ ಮರ್ಯಾದೆ. ಯಮುನೆಗೆ ಸಿಗದೆ ಹೋದದ್ದು ಆ ಮರ್ಯಾದೆ.

7

ಹೊಸೂರು ಸೀಮೆಯಲ್ಲಿ ಈ ಮರ್ಯಾದೆಯ ಪ್ರಶ್ನೆ ಭಾಷೆಯ ಪ್ರಶ್ನೆಯೂ ಆಗುತ್ತದೆ. ಕನ್ನಡದ ಬರಹ ‘ಗರ್ಭಪಾತ’ ಎಂಬ ಒಂದೇ ಪದವನ್ನು ತಾನಾಗಿ ಆದದ್ದಕ್ಕೂ ಬೇಕೆಂದು ಮಾಡಿಸಿದ್ದಕ್ಕೂ ಬಳಸುತ್ತದೆ. ‘ಪಾತ’ವೂ ‘ಪಾತಕ’ವೂ ಒಂದೇ ಧಾತುವಿನ ಕುಡಿಗಳು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ (1965) ಕಾತ್ಯಾಯನಿ ಮರುಮದುವೆಯ ಬಳಿಕ ಪದೇಪದೇ ಗರ್ಭ ಇಳಿದಾಗ ಅದನ್ನು ತನ್ನ ಪಾಪದ ಫಲವೆಂದು ಕಂಡು ಕೊರಗಿ ಸವೆಯುವುದು ಈ ಎರಡು ಪದಗಳ ನಡುವಿನ ಇಕ್ಕಟ್ಟಿನಲ್ಲಿಯೇ. ಇನ್ನೊಂದು ಪದ ‘ಭ್ರೂಣಹತ್ಯೆ’. ಹೆಣ್ಣು ಭ್ರೂಣಗಳ ಲಿಂಗಪತ್ತೆಯ ದಂಧೆಗೆ, ಉದಾಹರಣೆಗೆ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಿಂದ ಬಯಲಾದಂಥದಕ್ಕೆ, ಪತ್ರಿಕೆಗಳು ಬಳಸಿದ್ದು ಇದನ್ನೇ. ಅಲ್ಲಿ ಅದರ ಬಳಕೆ ಅರ್ಥವಾಗುವಂಥದು. ಆದರೆ ಅದೇ ಪದ ಕಾನೂನುಬದ್ಧ ಗರ್ಭಸಮಾಪನದ ಮೇಲೂ ಹರಡಿದಾಗ, ಆಸ್ಪತ್ರೆಗೆ ಬಂದ ಹೆಣ್ಣು ಬಾಯಿ ತೆರೆಯುವ ಮೊದಲೇ ಕೊಲೆಗಾರ್ತಿಯಾಗುತ್ತಾಳೆ. ಹೆಣ್ಣುಶಿಶು ಹತ್ಯೆಯನ್ನು ತಡೆಯಲು 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ಆರಂಭವಾಯಿತು. ಒಂದು ಕಾಲಕ್ಕೆ ಅದೇ ಜಿಲ್ಲೆಗೆ ಸೇರಿದ್ದು, ಮುಂದೆ ಧರ್ಮಪುರಿಯಾಗಿ, 2004ರಲ್ಲಿ ಕೃಷ್ಣಗಿರಿಯಾಗಿ ಒಡೆದ ಈ ನಾಡಿನಲ್ಲಿ ಆ ನೆನಪಿನ ನೆರಳು ಗಾಢವಾಗಿದೆ. ಎರಡನ್ನೂ ಬೇರ್ಪಡಿಸಿ ಮಾತಾಡುವ ನುಡಿ ಇಲ್ಲಿ ತುರ್ತಾಗಿ ಬೇಕಾಗಿದೆ.

ಆ ನುಡಿ ಹೊಸದಾಗಿ ಹುಟ್ಟಬೇಕಿಲ್ಲ. ತಮಿಳು ತಾನಾಗಿ ಆದದ್ದಕ್ಕೆ ‘ಕರುಚ್ಚಿದೈವು’, ಮಾಡಿಸಿದ್ದಕ್ಕೆ ‘ಕರುಕ್ಕಲೈಪ್ಪು’ ಎಂದು ಎರಡು ಪದಗಳನ್ನು ಇಟ್ಟುಕೊಂಡಿದೆ. ಕನ್ನಡದ ಆಡುಮಾತು ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ‘ಇಳೀತು’ ಎಂದರೆ ತಾನಾಗಿ ಆದದ್ದು. ‘ತೆಗೆಸಿಕೊಂಡಳು’ ಎಂಬ ಕ್ರಿಯಾಪದದಲ್ಲಿ ಮಾಡಿಸುವ ಕರ್ತೃವೂ ಹೆಣ್ಣೇ, ‘ಕೊಳ್ಳು’ ಪ್ರತ್ಯಯ ಸೂಚಿಸುವಂತೆ ಯಾರಿಗಾಗಿ ಮಾಡಿಸಿದಳೋ ಆಕೆಯೂ ಅವಳೇ. ಬರಹದ ಕನ್ನಡ ಮರೆತ ಕರ್ತೃತ್ವವನ್ನು ಅಡುಗೆಮನೆಯ ಕನ್ನಡದ ವ್ಯಾಕರಣ ಕಾಪಾಡಿಕೊಂಡಿದೆ. ಪಾರಿಭಾಷಿಕ ಪದಕೋಶ ಕಟ್ಟುವವರು ಇದನ್ನು ಗಮನಿಸಬೇಕು.

ಗರ್ಭಸಮಾಪನಕ್ಕೆ ಲಿಖಿತ ಒಪ್ಪಿಗೆ ‘ನಮೂನೆ ಸಿ’ಯಲ್ಲಿ ಆಗಬೇಕು. ತಮಿಳುನಾಡು ತಮಿಳು ಕಲಿಕಾ ಕಾಯಿದೆ ಬಂದದ್ದು 2006ರಲ್ಲಿ. ಅದರ ನಂತರ ಶಾಲೆ ಕಲಿತ ಮಗಳು ತಮಿಳು ಓದಬಲ್ಲಳು. ಆಕೆಯ ತಾಯಿಗೆ ಕನ್ನಡವೇ ಗತಿ, ಅಜ್ಜಿಗೆ ಯಾವ ಲಿಪಿಯೂ ಇಲ್ಲ. ಸಹಿ ಹಾಕಬೇಕಾದವಳು ತಾಯಿಯಾದರೆ ಮಗಳೇ ದುಭಾಷಿ. ಹದಿನೆಂಟು ತುಂಬದ ಮಗಳಾದರೆ ತಾಯಿಗೆ ಓದಲಾಗದ ಕಾಗದಕ್ಕೆ ತಾಯಿಯ ಹೆಬ್ಬೆಟ್ಟು. ಮನಸ್ಸಿನ ಸಂಕಟವನ್ನೇ ಆಧಾರವಾಗಿ ಹಿಡಿಯುವ ಕಾನೂನಿನಲ್ಲಿ ಆ ಸಂಕಟವನ್ನು ತನ್ನ ಮಾತಿನಲ್ಲಿ ಹೇಳಲಾಗದವಳು ಅರ್ಧ ಹಕ್ಕು ಕಳೆದುಕೊಂಡಂತೆಯೇ. ಬಾಲ್ಯವಿವಾಹ ಇನ್ನೂ ನಿಲ್ಲದ ಅಂಚೆಟ್ಟಿ, ಡೆಂಕಣಿಕೋಟೆಯ ಬೆಟ್ಟದ ಹಳ್ಳಿಗಳಲ್ಲಿ ಇನ್ನೊಂದು ಭಯವೂ ಸೇರುತ್ತದೆ. ಪೋಕ್ಸೋ ಕಾಯಿದೆಯಡಿ ಪೊಲೀಸರಿಗೆ ಸುದ್ದಿ ಹೋಗುವುದೆಂಬ ಅಂಜಿಕೆ ಹುಡುಗಿಯನ್ನು ಆಸ್ಪತ್ರೆಯಿಂದ ದೂರವಿಡಬಲ್ಲದು. ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಆಕೆಯ ಹೆಸರನ್ನು ತಿಳಿಸಬೇಕಿಲ್ಲವೆಂದು 2022ರ ತೀರ್ಪು ಹೇಳಿದೆ. ಆ ಮಾತು ಬೆಟ್ಟದ ಮನೆಗಳನ್ನು ಮುಟ್ಟಬೇಕಾದರೆ ಕನ್ನಡದಲ್ಲೂ ತೆಲುಗಿನಲ್ಲೂ ಮುಟ್ಟಬೇಕು.

ಮುಟ್ಟದಿದ್ದರೆ ಉಳಿಯುವುದು ಹಳೆಯ ರಾತ್ರಿಯ ಹೊಸ ರೂಪ. ತಮಿಳುನಾಡೂ ಸೇರಿ ಆರು ರಾಜ್ಯಗಳ ಸಮೀಕ್ಷೆಯನ್ನು ಆಧರಿಸಿದ ಅಂದಾಜಿನಂತೆ, 2015ರಲ್ಲಿ ಭಾರತದಲ್ಲಿ ನಡೆದ ಸುಮಾರು 1.56 ಕೋಟಿ ಗರ್ಭಪಾತಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಗಳ ಹೊರಗೆ, ಮಾತ್ರೆಗಳಿಂದ ಆದವು. ಮಾತ್ರೆ ನಾಟಿ ಕೈಗಳಿಗಿಂತ ಎಷ್ಟೋ ಸುರಕ್ಷಿತ. ಆದರೆ ಔಷಧದಂಗಡಿಯ ಪೊಟ್ಟಣ ಹಿಡಿದು ಬಚ್ಚಲಲ್ಲಿ ಒಂಟಿಯಾಗಿ ಕೂತವಳಿಗೆ ಯಮುನೆಯ ಏಕಾಂತ ತಪ್ಪಿಲ್ಲ.

8

‘ಘಟಶ್ರಾದ್ಧ’ ಮತ್ತು ‘ಶರಪಂಜರ’ಗಳನ್ನು ಜೊತೆಯಲ್ಲಿಟ್ಟು ಓದಿದಾಗ ದೊರೆಯುವ ತಿಳಿವು ಇಷ್ಟು. ಹೆಣ್ಣಿನ ಮನಸ್ಸನ್ನು ಮುರಿಯುವುದು ಗರ್ಭವನ್ನು ತೆಗೆಸಿದ ಸಂಗತಿಯಲ್ಲ, ಹೆತ್ತ ಸಂಗತಿಯೂ ಅಲ್ಲ. ಎರಡರ ನಂತರವೂ ಆಕೆಗೆ ಮನೆಯ ಬಾಗಿಲು ಮುಚ್ಚುವುದು. ಮನಸ್ಸನ್ನು ಬಾಗಿಲಾಗಿ ಮಾಡಿಕೊಂಡ ಕಾನೂನು ತನ್ನ ಕಾಲಕ್ಕೆ ಉಪಕಾರ ಮಾಡಿದೆ. ಮುಂದಿನ ಹೆಜ್ಜೆ ಹಾನಿಯ ಪುರಾವೆ ಕೇಳದೆ ಹೆಣ್ಣಿನ ಮಾತನ್ನೇ ಕೇಳುವುದು. ಅಲ್ಲಿಯವರೆಗೆ ಹೊಸೂರಿನ ಆಸ್ಪತ್ರೆಯಲ್ಲಿ ಆಗಬಹುದಾದ ಸಣ್ಣ ಕೆಲಸವೊಂದಿದೆ: ‘ನಮೂನೆ ಸಿ’ ಕನ್ನಡದಲ್ಲೂ ಇರಬೇಕು, ಅದನ್ನು ಓದಿ ಹೇಳಲು ಹೆಂಗಸೊಬ್ಬಳು ಇರಬೇಕು. ನಿನಗೇನು ಬೇಕಮ್ಮ ಎಂದು ಯಮುನೆಯನ್ನು ಯಾರೂ ಕೇಳಲಿಲ್ಲ. ಕೇಳುವುದಾದರೆ ಅವಳಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು.